ಮನೆಯಲ್ಲಿ ನುಡಿಸೋಕೆ ಒಂದು ಗಿಟಾರ್ ಆಂಪ್: ಕಡಿಮೆ ದುಡ್ಡಲ್ಲಿ ಆರಿಸುವ ಬಗೆ

ಆಂಪ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಜೋರು ಮಾಡುವ, ಸ್ಪೀಕರ್ ಇರುವ ಡಬ್ಬ. ನನ್ನ ಮೊದಲ ಆಂಪ್ 60 ವಾಟ್‌ನದು, ಸೆಕೆಂಡ್ ಹ್ಯಾಂಡ್. ಆಗ ನಾನಿದ್ದದ್ದು ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿ. ಒಂದು ರೂಮು, ಒಂದು ಅಡುಗೆಮನೆ, ಮೇಲಿನ ಮಹಡಿಯಲ್ಲಿ ಓನರ್. ವಾಲ್ಯೂಮ್ ಸೊನ್ನೆಯಲ್ಲಿಟ್ಟರೆ ಸದ್ದೇ ಇಲ್ಲ. ಕೂದಲೆಳೆಯಷ್ಟು ತಿರುಗಿಸಿದರೆ ಕಿಟಕಿ ಗಾಜು ನಡುಗುತ್ತಿತ್ತು. ಮಧ್ಯದಲ್ಲಿ ಏನೂ ಇರಲಿಲ್ಲ. ಮೂರನೇ ದಿನ ಓನರ್ ಆಂಟಿ ಕೆಳಗಿಳಿದು ಬಂದು, "ಏನಪ್ಪಾ, ಮಿಕ್ಸಿ ಏನಾದ್ರೂ ಕೆಟ್ಟಿದ್ಯಾ?" ಅಂತ ಕಾಳಜಿಯಿಂದಲೇ ಕೇಳಿದರು. ಅಲ್ಲಿಂದ ಎಂಟು ತಿಂಗಳು ಆ ಆಂಪ್ ಮೇಲೆ ನನ್ನ ಬಟ್ಟೆಗಳು ಒಣಗಿದವು.

ಆಮೇಲೆ ಹಲವು ಗೆಳೆಯರಿಗೆ, ಅವರ ಮಕ್ಕಳಿಗೆ ಆಂಪ್ ಕೊಡಿಸಲು ಹೋಗಿದ್ದೇನೆ. ಎಲ್ಲರೂ ನನ್ನ ಹಾಗೇ ಶುರು ಮಾಡುತ್ತಾರೆ. ಮೊದಲು ಕಂಪನಿ ಹೆಸರು, ಆಮೇಲೆ ವಾಟ್, ಆಮೇಲೆ ರೇಟು. ಮನೆ ಎಂಥದ್ದು ಅನ್ನುವುದು ಕೊನೆಗೆ, ಅದೂ ಪಕ್ಕದ ಮನೆಯವರು ಬಾಗಿಲು ಬಡಿದ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಮೊದಲಿಗೆ: ಮನೆಯ ಸ್ಪೀಕರ್‌ಗೇ ಚುಚ್ಚಿದರೆ ಆಗಲ್ವಾ?

ಎಲ್ಲರೂ ಕೇಳುವ ಪ್ರಶ್ನೆ. ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕೆಳಗೆ ಪಿಕಪ್ ಇರುತ್ತದೆ. ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಆ ತಾಮ್ರದ ಸುರುಳಿಯಲ್ಲಿ ಸಣ್ಣದೊಂದು ಕರೆಂಟು ಹುಟ್ಟುತ್ತದೆ. ಅದು ತುಂಬಾ ದುರ್ಬಲ. ಟಿವಿಯೋ ಮೊಬೈಲೋ ಕೊಡುವ ಸಿಗ್ನಲ್‌ಗಾಗಿ ಮಾಡಿದ ಹೋಮ್ ಥಿಯೇಟರ್‌ಗೆ ಇದು ಸಾಲುವುದಿಲ್ಲ. ಹೇಗೋ ಚುಚ್ಚಿದರೂ ಸದ್ದು ಸೊರಗಿ, ಕಂಬಳಿ ಹೊದ್ದುಕೊಂಡ ಹಾಗೆ ಕೇಳುತ್ತದೆ.

ಇನ್ನೊಂದು ಕಾರಣ ಸ್ಪೀಕರ್. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5000 ಹರ್ಟ್ಸ್ (ಸ್ವರದ ಏರಿನ ಅಳತೆ) ದಾಟಿದ ಮೇಲೆ ಸದ್ದನ್ನು ಬೇಗ ಇಳಿಸಿಬಿಡುತ್ತದೆ. ಹಾಡು ಕೇಳುವ ಸ್ಪೀಕರ್ 15,000-20,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಹಾಡಿಗೆ ಅದು ಒಳ್ಳೆಯದೇ. ಆದರೆ ಡಿಸ್ಟಾರ್ಷನ್ (ರಾಕ್ ಹಾಡುಗಳ ಆ ಒಡೆದ, ಗರಗರ ಸದ್ದು) ಹಾಕಿದ ಗಿಟಾರನ್ನು ಅದರಲ್ಲಿ ಕೇಳಿದರೆ ಡಬ್ಬದೊಳಗೆ ಜೀರುಂಡೆ ಸಿಕ್ಕಿಹಾಕಿಕೊಂಡ ಹಾಗಿರುತ್ತದೆ. ಗಿಟಾರಿನ 'ದಪ್ಪ' ಸದ್ದಿನಲ್ಲಿ ಗಿಟಾರಿನ ಪಾಲು ಎಷ್ಟೋ, ಈ ಕಮ್ಮಿ ಹರವಿನ ಸ್ಪೀಕರಿನ ಪಾಲೂ ಅಷ್ಟೇ ಇದೆ.

ಶಾಲೆಯ ವಾರ್ಷಿಕೋತ್ಸವಕ್ಕೋ ಗಣೇಶನ ಪೆಂಡಾಲಿಗೋ ಇಡುವ ಅಹುಜಾ ಸೆಟ್ಟಿಗೂ ಇದೇ ಮಾತು. ಅದು ಭಾಷಣಕ್ಕೆ, ಹಾಡಿಗೆ ಸರಿ. ಹಾಗೆಯೇ ನಿಮ್ಮಲ್ಲಿರುವುದು ಜ್ಯಾಕ್ ಇರುವ ಮರದ ಅಕೂಸ್ಟಿಕ್ ಗಿಟಾರ್ ಆದರೆ ಈ ಲೇಖನದ ಆಂಪ್‌ಗಳು ನಿಮಗಲ್ಲ, ಅಕೂಸ್ಟಿಕ್ ಆಂಪ್ ಬೇರೆಯೇ ಸಿಗುತ್ತದೆ. ಬೇಸ್ ಗಿಟಾರನ್ನಂತೂ ಸಣ್ಣ ಗಿಟಾರ್ ಆಂಪಿಗೆ ಜೋರಾಗಿ ಕೊಡಬೇಡಿ. ಸ್ಪೀಕರಿನ ಕೋನ್ ಹರಿಯಬಹುದು.

ಹೆಜ್ಜೆ 1: ಒಂದು ಚೀಟಿಯಲ್ಲಿ ಮೂರು ಉತ್ತರ ಬರೆಯಿರಿ

ಎಲ್ಲಿ ನುಡಿಸುತ್ತೀರಿ? ಎಷ್ಟು ಹೊತ್ತಿಗೆ ನುಡಿಸುತ್ತೀರಿ? ಗೋಡೆಯ ಆಚೆ ಯಾರಿದ್ದಾರೆ?

ಕೆಲಸ ಮುಗಿಸಿ ಬಂದು, ಊಟ ಮಾಡಿ, ರಾತ್ರಿ ಹತ್ತರ ಮೇಲೆ ಗಿಟಾರ್ ಎತ್ತಿಕೊಳ್ಳುವವರೇ ಹೆಚ್ಚು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 'ರಾತ್ರಿ'. ಜನ ವಾಸಿಸುವ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. 45 ಅಂದರೆ ಮೆಲುದನಿಯ ಮಾತಿನ ಆಸುಪಾಸು. ಯಾವ ಆಂಪೂ ಆ ಮಟ್ಟದಲ್ಲಿ ಮಜಾ ಕೊಡುವುದಿಲ್ಲ. ಹಾಗಾಗಿ ಚೀಟಿಯಲ್ಲಿ 'ರಾತ್ರಿ' ಅಂತ ಬಂದರೆ ಹೆಡ್‌ಫೋನ್ ಕಿಂಡಿ ಇಲ್ಲದ ಆಂಪನ್ನು ನೋಡಲೇಬೇಡಿ, ಎಷ್ಟೇ ಅಗ್ಗಕ್ಕೆ ಸಿಗಲಿ.

ಪಿಜಿಯಲ್ಲೋ ಹಾಸ್ಟೆಲಿನಲ್ಲೋ ಇದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿ: ನಿಮಗೆ ಸ್ಪೀಕರೇ ಬೇಡದೇ ಇರಬಹುದು. ಗಿಟಾರಿನ ಜ್ಯಾಕಿಗೆ ನೇರವಾಗಿ ಚುಚ್ಚುವ ಬೆರಳುದ್ದದ ಹೆಡ್‌ಫೋನ್ ಆಂಪ್‌ಗಳಿವೆ. ವಾಕ್ಸ್ ಆಂಪ್‌ಪ್ಲಗ್ ಎರಡು ಎಎಎ ಸೆಲ್‌ನಲ್ಲಿ ಓಡುತ್ತದೆ. ಒಂದೊಂದು ಮಾಡೆಲಿಗೆ ಒಂದೊಂದು ಬಗೆಯ ಸದ್ದು, ಕ್ಲೀನ್ (ಒಡೆಯದ, ತಿಳಿಯಾದ ಸದ್ದು) ಬೇಕಾದವರಿಗೆ ಬೇರೆ, ಮೆಟಲ್ ಬೇಕಾದವರಿಗೆ ಬೇರೆ. ಫೆಂಡರ್ ಮಸ್ಟ್ಯಾಂಗ್ ಮೈಕ್ರೋ ಅದಕ್ಕಿಂತ ದುಬಾರಿ. ಅದರಲ್ಲಿ 12 ಆಂಪ್‌ಗಳ ಸದ್ದು ಒಂದರಲ್ಲೇ ಇದೆ, ಮೊಬೈಲಿನ ಹಾಗೆ ಚಾರ್ಜ್ ಮಾಡಬಹುದು, ಫೋನಿನಿಂದ ಬ್ಲೂಟೂತ್ ಮೂಲಕ ಹಾಡು ಹಾಕಿಕೊಂಡು ಅದರ ಜೊತೆ ನುಡಿಸಬಹುದು.

ಇಲ್ಲೊಂದು ಎಚ್ಚರಿಕೆ. ಗಿಟಾರ್ ಕೇಳಲು ಬ್ಲೂಟೂತ್ ಇಯರ್‌ಫೋನ್ ಬಳಸಬೇಡಿ. ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ತಡವಾಗಿ ಕಿವಿಗೆ ಬರುವುದು ಸಾಮಾನ್ಯ. ಹಾಡು ಕೇಳುವಾಗ ಗೊತ್ತಾಗುವುದಿಲ್ಲ. ಆದರೆ ಬೆರಳು ಮೀಟಿದ ಮೇಲೆ ಸದ್ದು ಬಂದರೆ ತಾಳವೇ ಕೈತಪ್ಪುತ್ತದೆ. ವೈರ್ ಇರುವ ಹೆಡ್‌ಫೋನೇ ಬೇಕು.

ಹೆಜ್ಜೆ 2: ವಾಟ್ ಮೋಹ ಬಿಡಿ

ಹಿಂದೆ ಟೇಪ್ ರೆಕಾರ್ಡರುಗಳ ಮೇಲೆ '1000 ವಾಟ್ ಪಿಎಂಪಿಒ' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಿತ್ತಲ್ಲ, ನೆನಪಿದೆಯಾ? ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತೂ ಆ ಸೆಟ್ಟು ಅಷ್ಟು ಕೊಡುತ್ತಿರಲಿಲ್ಲ. ಆಂಪ್ ನೋಡುವಾಗ ಆರ್‌ಎಂಎಸ್ ವಾಟ್ (ಬಿಡದೆ ಕೊಡಬಲ್ಲ ನಿಜವಾದ ವಾಟ್) ಎಷ್ಟು ಅಂತ ಕೇಳಿ. ಅದೊಂದೇ ಲೆಕ್ಕಕ್ಕೆ ಬರುವುದು.

ಅದರಲ್ಲೂ ಒಂದು ಮೋಸವಿದೆ, ಅದು ನಮ್ಮ ಕಿವಿಯದ್ದು. 10 ವಾಟ್‌ಗಿಂತ 20 ವಾಟ್ ಎರಡು ಪಟ್ಟು ಜೋರು ಅಂತ ನಾವು ತಿಳಿಯುತ್ತೇವೆ. ನಿಜದಲ್ಲಿ ವಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. 'ಸ್ವಲ್ಪ ಜಾಸ್ತಿಯಾಯ್ತು' ಅನ್ನಿಸುವಷ್ಟು. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್ ಬೇಕು. 10 ವಾಟ್‌ನ ಎರಡು ಪಟ್ಟು ಜೋರು ಅಂದರೆ 100 ವಾಟ್! ಮನೆಯಲ್ಲಿ ನುಡಿಸುವವನಿಗೆ 10ಕ್ಕೂ 20ಕ್ಕೂ ಅಂಥಾ ವ್ಯತ್ಯಾಸವಿಲ್ಲ ಅನ್ನುವುದು ಈ ಲೆಕ್ಕದಿಂದಲೇ.

12 ಇಂಚಿನ ಒಳ್ಳೆಯ ಗಿಟಾರ್ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ದಾಟುತ್ತದೆ. ಅಡುಗೆಮನೆಯ ಮಿಕ್ಸಿಯ ಜೊತೆ ಸ್ಪರ್ಧೆಗೆ ಅಷ್ಟು ಸಾಕು. ಆಂಟಿ ತಪ್ಪು ಹೇಳಿರಲಿಲ್ಲ.

ನನ್ನ ಅಂದಾಜು ಹೀಗೆ: ಫ್ಲ್ಯಾಟು, ಬಾಡಿಗೆ ಮನೆಗೆ 3ರಿಂದ 10 ವಾಟ್. ಒಂಟಿ ಮನೆಗೆ 10ರಿಂದ 25. ಡ್ರಮ್ಸ್ ಬಾರಿಸುವ ಗೆಳೆಯ ಇದ್ದು, ವಾರಕ್ಕೊಮ್ಮೆ ಎಲ್ಲರೂ ಸೇರಿ ನುಡಿಸುವುದಾದರೆ ಮಾತ್ರ 40-50ರ ಮಾತು.

ಹೆಜ್ಜೆ 3: ಸ್ಪೀಕರಿನ ಇಂಚು ನೋಡಿ

ವಾಟ್‌ಗಿಂತ ಇದು ಮುಖ್ಯ, ಆದರೆ ಯಾರೂ ಕೇಳುವುದಿಲ್ಲ. 3-4 ಇಂಚಿನ ಸ್ಪೀಕರ್ ಇರುವ ಆಂಪ್ ಪುಸ್ತಕದ ಕಪಾಟಿನಲ್ಲಿ ಕೂರುತ್ತದೆ, ಆದರೆ ದಪ್ಪ ತಂತಿ ಮೀಟಿದಾಗ ಹೊಟ್ಟೆಯಿಲ್ಲದ ಸದ್ದು. 6 ಇಂಚಿಗೆ ಸದ್ದಿಗೊಂದು ಮೈ ಬರುತ್ತದೆ. 8 ಇಂಚಿನಲ್ಲಿ 'ಹೌದು, ಇದು ಗಿಟಾರ್ ಆಂಪ್' ಅನ್ನಿಸುತ್ತದೆ. 12 ಇಂಚು ವೇದಿಕೆಯ ಅಳತೆ. ಡಬ್ಬ ದೊಡ್ಡದಾದಷ್ಟೂ ಕಡಿಮೆ ವಾಲ್ಯೂಮಿನಲ್ಲೂ ಸದ್ದು ತುಂಬಿಕೊಂಡಿರುತ್ತದೆ. ಜಾಗ ಇದ್ದರೆ, ಅದೇ ದುಡ್ಡಿಗೆ ಕಡಿಮೆ ವಾಟ್ ಆದರೂ ದೊಡ್ಡ ಸ್ಪೀಕರ್ ಇರುವುದನ್ನೇ ನಾನು ತೆಗೆದುಕೊಳ್ಳುವೆ.

ಹೆಜ್ಜೆ 4: ಒಳಗೇನಿದೆ ಅಂತ ತಿಳಿಯಿರಿ

ಮೂರು ಬಗೆ. ಒಂದು ಟ್ಯೂಬ್ ಆಂಪ್, ಹಳೇ ವಾಲ್ವ್ ರೇಡಿಯೋದ ಸಂಬಂಧಿ. ಎರಡನೆಯದು ಟ್ರಾನ್ಸಿಸ್ಟರ್‌ನದು, ಅಂಗಡಿಯವರು ಸಾಲಿಡ್ ಸ್ಟೇಟ್ ಅನ್ನುತ್ತಾರೆ. ಮೂರನೆಯದು ಡಿಜಿಟಲ್, ಅದಕ್ಕೆ ಮಾಡೆಲಿಂಗ್ ಆಂಪ್ ಅಂತ ಹೆಸರು. ಬೇರೆ ಬೇರೆ ಹಳೇ ಆಂಪ್‌ಗಳ ಸದ್ದನ್ನು ಇದು ಲೆಕ್ಕದ ಮೂಲಕ ಅನುಕರಿಸುತ್ತದೆ.

ಟ್ಯೂಬ್ ಬಗ್ಗೆ ದೊಡ್ಡವರು ಹೇಳುವುದೆಲ್ಲ ನಿಜ. ಅದು ಚೆನ್ನಾಗಿಯೇ ಕೇಳುತ್ತದೆ. ಆದರೆ ಅದರ ಸೊಗಸು ಹೊರಗೆ ಬರುವುದು ವಾಲ್ಯೂಮ್ ಏರಿಸಿದಾಗ. ಭಾರ ಜಾಸ್ತಿ, ಟ್ಯೂಬ್ ಸವೆಯುತ್ತದೆ, ಕೆಟ್ಟರೆ ಸಣ್ಣ ಊರಿನಲ್ಲಿ ರಿಪೇರಿಗೆ ಜನ ಹುಡುಕಬೇಕು. ಮೊದಲ ಆಂಪಿಗೆ ಬೇಡ.

ಸಾಲಿಡ್ ಸ್ಟೇಟ್ ಸರಳ. ನಾಲ್ಕೈದು ನಾಬ್ ಇರುತ್ತದೆ, ತಿರುಗಿಸಿದ್ದು ಕೇಳಿಸುತ್ತದೆ. ಒಳ್ಳೆಯದರಲ್ಲಿ ಕ್ಲೀನ್ ಸದ್ದು ಚೊಕ್ಕವಾಗಿರುತ್ತದೆ. ಡಿಸ್ಟಾರ್ಷನ್ ಅಗ್ಗದವುಗಳಲ್ಲಿ ಒರಟು, ಮರಳು ಕಾಗದ ಉಜ್ಜಿದ ಹಾಗೆ.

ಡಿಜಿಟಲ್‌ನಲ್ಲಿ ಸಣ್ಣ ವಾಲ್ಯೂಮಿನಲ್ಲೂ ದೊಡ್ಡ ಆಂಪಿನ ಒದೆತ ಸಿಗುತ್ತದೆ. ಮನೆಗೆ ಇದು ದೊಡ್ಡ ಅನುಕೂಲ. ನಾಬ್ ಮೇಲೆ 'ಬ್ರಿಟಿಷ್' ಅಂತಿದ್ದರೆ ಮಾರ್ಷಲ್ ಅಥವಾ ವಾಕ್ಸ್ ಥರದ ಸದ್ದು, 'ಟ್ವೀಡ್' ಅಂದರೆ 1950ರ ದಶಕದ ಫೆಂಡರ್. ಆ ಪೆಟ್ಟಿಗೆಗಳಿಗೆ ಟ್ವೀಡ್ ಬಟ್ಟೆಯಂತೆ ಕಾಣುವ ಹೊದಿಕೆ ಇರುತ್ತಿತ್ತು, ಅದಕ್ಕೇ ಆ ಹೆಸರು. ಆದರೆ ಒಂದು ಅನುಭವದ ಮಾತು: ಗೆಳೆಯನ ಮಗನಿಗೆ ಮೂವತ್ತು ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಸದ್ದುಗಳು) ಇರುವ ಆಂಪ್ ಕೊಡಿಸಿದೆವು. ಮೂರು ತಿಂಗಳಾದರೂ ಅವನು ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಸರಿಯಾಗಿ ಬದಲಾಯಿಸಲು ಕಲಿತಿರಲಿಲ್ಲ, ಮೂವತ್ತು ಪ್ರಿಸೆಟ್ ಮಾತ್ರ ಬಾಯಿಪಾಠ. ಬೇಗ ಬೇಜಾರಾಗುವ ಮಕ್ಕಳಿಗೆ ಡಿಜಿಟಲ್ ಹುರುಪು ಕೊಡುತ್ತದೆ ಅನ್ನುವವರೂ ಇದ್ದಾರೆ. ನನಗೆ ಹೊಸಬರ ಕೈಗೆ ನಾಬ್ ಕಡಿಮೆ ಇದ್ದಷ್ಟೂ ನೆಮ್ಮದಿ.

ಕರ್ನಾಟಕ ಸಂಗೀತವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುವವರಿಗೆ ಲೆಕ್ಕವೇ ಬೇರೆ. ಗಮಕದಲ್ಲಿ ತಂತಿ ಎಳೆದಾಗ ಸ್ವರ ಸಾಯದೆ ನಿಲ್ಲಬೇಕು, ಸದ್ದು ಕೆಡಬಾರದು. ಅಂಥವರು ಕ್ಲೀನ್ ಸದ್ದು, ಸ್ವಲ್ಪ ಕಂಪ್ರೆಸರ್ (ಜೋರು-ಮೆಲು ಸದ್ದನ್ನು ಸಮ ಮಾಡುವುದು), ಒಂಚೂರು ರಿವರ್ಬ್ (ಗೋಡೆಗೆ ಬಡಿದು ಮರಳುವಂಥ ಗುಂಗು) ಇರುವುದನ್ನು ಹುಡುಕಬೇಕು. ಡಿಜಿಟಲ್ ಅವರಿಗೆ ಒಳ್ಳೆಯ ಆಯ್ಕೆ.

ಹೆಜ್ಜೆ 5: ಕಿಂಡಿಗಳನ್ನು ಎಣಿಸಿ

ಆಂಪಿನ ಹಿಂದೆ ಮುಂದೆ ತಿರುಗಿಸಿ ನೋಡಿ. ಹೆಡ್‌ಫೋನ್ ಕಿಂಡಿ ಇರಲೇಬೇಕು. ಅದಕ್ಕೆ ಚುಚ್ಚಿದಾಗ ಸ್ಪೀಕರ್ ತಾನೇ ಬಂದ್ ಆಗಬೇಕು. ಫೋನಿನಿಂದ ಹಾಡು ಕೊಡಲು ಆಕ್ಸ್ ಕಿಂಡಿಯೋ ಬ್ಲೂಟೂತೋ ಇದ್ದರೆ ಅಭ್ಯಾಸ ಎರಡು ಪಟ್ಟು ಖುಷಿ. ಯುಎಸ್‌ಬಿ ಇದ್ದು ಕಂಪ್ಯೂಟರಿಗೆ ರೆಕಾರ್ಡ್ ಮಾಡಲು ಬಂದರೆ ಲಾಭವೇ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಸೆಲ್‌ನಲ್ಲೂ ಓಡುತ್ತದಾ? ಕರೆಂಟು ಕೈಕೊಡುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಹಳೇ ಮಾದರಿಯ ಚೌಕ ಅಲೆಯ ಯುಪಿಎಸ್‌ಗಳಲ್ಲಿ ಆಂಪ್ ಹಾಕಿದರೆ ಜುಂಯ್ ಅನ್ನುವ ಸದ್ದು ಕಿವಿ ಕೊರೆಯುತ್ತದೆ. ಸೆಲ್‌ನಲ್ಲಿ ಆ ಕಾಟವಿಲ್ಲ.

ಹೆಜ್ಜೆ 6: ಈಗ ದುಡ್ಡು, ಈಗ ಹೆಸರು

ಬೆಲೆ ವರ್ಷಕ್ಕೊಂದು ಥರ, ಅಂಗಡಿಗೊಂದು ಥರ. ಹಾಗಾಗಿ ಅಂದಾಜಿನ ಮೆಟ್ಟಿಲು ಹೇಳುತ್ತೇನೆ. ಆಂಪಿಗೆ ಅಂತ ಇಟ್ಟ ದುಡ್ಡಿನಲ್ಲಿ ಒಂದೆರಡು ಸಾವಿರ ಮೊದಲೇ ಪಕ್ಕಕ್ಕಿಡಿ. ಮೂರು ಮೀಟರಿನ ಒಳ್ಳೆಯ ಕೇಬಲ್, ವೈರ್ ಇರುವ ಹೆಡ್‌ಫೋನ್, ಅಡಾಪ್ಟರ್. ಕೆಲವು ಸಣ್ಣ ಆಂಪ್‌ಗಳ ಜೊತೆ ಅಡಾಪ್ಟರ್ ಬರುವುದಿಲ್ಲ, ಮನೆಗೆ ಬಂದು ಡಬ್ಬ ಬಿಚ್ಚಿದ ಮೇಲೆ ಗೊತ್ತಾಗುತ್ತದೆ.

ಐದು ಸಾವಿರದ ಆಸುಪಾಸಿನಲ್ಲಿ ಹೆಡ್‌ಫೋನ್ ಆಂಪ್, ಇಲ್ಲವೇ ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಸ್ಟ್ರೇಂಜರ್ ಕ್ಯೂಬ್ ಥರದವು. ಈ ಕ್ಯೂಬ್‌ಗಳಿಗೆ ಗಿಟಾರೂ ಕೊಡಬಹುದು, ಮೈಕೂ ಕೊಡಬಹುದು ಅಂತ ಅಂಗಡಿಯವರು ಮಾರುತ್ತಾರೆ. ಮನೆಯಲ್ಲಿ ಹಾಡುವವರೂ ಇದ್ದರೆ ಪರವಾಗಿಲ್ಲ. ಡಿಸ್ಟಾರ್ಷನ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಹತ್ತು ಸಾವಿರದ ಸುತ್ತಮುತ್ತ ಬಂದರೆ ಆಯ್ಕೆ ನಿಜವಾಗಿ ಶುರುವಾಗುತ್ತದೆ. ಫೆಂಡರ್ ಫ್ರಂಟ್‌ಮ್ಯಾನ್ 10ಜಿ: 10 ವಾಟ್, 6 ಇಂಚು, ಹೆಡ್‌ಫೋನ್ ಕಿಂಡಿ ಇದೆ, ಕ್ಲೀನ್ ಸದ್ದು ಚೆನ್ನಾಗಿದೆ, ರಿವರ್ಬ್ ಇಲ್ಲ. ಮಾರ್ಷಲ್ ಎಂಜಿ10 ಕೂಡ 10 ವಾಟ್‌ನದೇ, ಸ್ಪೀಕರ್ ಆರೂವರೆ ಇಂಚು, ರಾಕ್ ಕಡೆ ಒಲವು. ಆರೆಂಜ್ ಕ್ರಷ್ 12 ಅನ್ನುವುದು 12 ವಾಟ್, 6 ಇಂಚು. ಗೇನ್ (ಸದ್ದು ಎಷ್ಟು ಒಡೆಯಬೇಕು ಅನ್ನುವ ನಾಬ್) ಏರಿಸಿದಾಗ ಅದರ ಗುರುಗುಟ್ಟುವ ಸದ್ದು ನನಗಿಷ್ಟ. ಬಾಸ್ ಕಟಾನಾ ಮಿನಿ 7 ವಾಟ್, 4 ಇಂಚು, ಆರು ಎಎ ಸೆಲ್. ಬ್ರೌನ್, ಕ್ರಂಚ್, ಕ್ಲೀನ್ ಅಂತ ಮೂರೇ ಸದ್ದು. ಅಷ್ಟು ಸಣ್ಣ ಡಬ್ಬದಿಂದ ಬರುವ ಸದ್ದಿಗೆ ಅಂಗಡಿಯಲ್ಲಿ ನಾನು ಎರಡು ಸಲ ತಿರುಗಿ ನೋಡಿದ್ದೆ. ಬ್ಲ್ಯಾಕ್‌ಸ್ಟಾರ್ ಫ್ಲೈ 3 ಇನ್ನೂ ಸಣ್ಣದು, 3 ವಾಟ್, 3 ಇಂಚು. ಟ್ರೈನಿನಲ್ಲಿ ಊರಿಗೆ ಹೋಗುವಾಗ ಬ್ಯಾಗಿಗೆ ಹಾಕಿಕೊಳ್ಳಬಹುದು.

ಇನ್ನೂ ಮೇಲೆ ಹತ್ತಿದರೆ ಫೆಂಡರ್ ಮಸ್ಟ್ಯಾಂಗ್ ಎಲ್‌ಟಿ25, ಡಿಜಿಟಲ್, 25 ವಾಟ್, 8 ಇಂಚು. ಅದರ ಮೇಲೆ ಬಾಸ್ ಕಟಾನಾ 50, 12 ಇಂಚಿನ ಸ್ಪೀಕರ್. ಇದರಲ್ಲೊಂದು ಜಾಣತನವಿದೆ: 50 ವಾಟನ್ನು ಒಂದು ಸ್ವಿಚ್ಚಿನಲ್ಲಿ ಅರ್ಧ ವಾಟ್‌ಗೆ ಇಳಿಸಬಹುದು. ಮನೆಯಲ್ಲಿ ಅರ್ಧ, ಬ್ಯಾಂಡಿನಲ್ಲಿ ಐವತ್ತು. ಬ್ಯಾಂಡಿನ ಆಸೆ ಗಟ್ಟಿಯಾಗಿದ್ದರೆ ಸಣ್ಣದೊಂದು ಕೊಂಡು ಆರು ತಿಂಗಳಿಗೆ ಮಾರುವ ಬದಲು ಇದಕ್ಕೇ ದುಡ್ಡು ಕೂಡಿಡಬಹುದು.

ಐಫೋನೋ ಐಪ್ಯಾಡೋ ಮನೆಯಲ್ಲಿದ್ದರೆ ಇನ್ನೊಂದು ದಾರಿ. ಗಿಟಾರನ್ನು ಅದಕ್ಕೆ ಜೋಡಿಸುವ ಇಂಟರ್‌ಫೇಸ್ ಅನ್ನುವ ಸಣ್ಣ ಡಬ್ಬ ಕೊಂಡರೆ ಉಚಿತ ಗ್ಯಾರೇಜ್‌ಬ್ಯಾಂಡ್ ಆಪ್‌ನಲ್ಲೇ ಹಲವು ಆಂಪ್‌ಗಳಿವೆ. ಆಂಡ್ರಾಯ್ಡ್‌ನಲ್ಲಿ ಹಲವು ಫೋನುಗಳು ಸದ್ದನ್ನು ತಡ ಮಾಡುತ್ತವೆ. ನಿಮ್ಮ ಫೋನಿನಲ್ಲೇ ಪರೀಕ್ಷಿಸದೆ ದುಡ್ಡು ಹಾಕಬೇಡಿ.

ಹೆಜ್ಜೆ 7: ಅಂಗಡಿಯಲ್ಲಿ ಕಿವಿ ತೆರೆದಿಡಿ

ಸಾಧ್ಯವಾದರೆ ನೀವೇ ಹೋಗಿ. ನಿಮ್ಮ ಗಿಟಾರ್, ನಿಮ್ಮ ಕೇಬಲ್, ನಿಮ್ಮ ಹೆಡ್‌ಫೋನ್ ಒಯ್ಯಿರಿ. ಅಂಗಡಿಯ ಎಪ್ಪತ್ತು ಸಾವಿರದ ಗಿಟಾರಿನಲ್ಲಿ ಯಾವ ಆಂಪೂ ಚೆನ್ನಾಗೇ ಕೇಳುತ್ತದೆ. ಅಂಗಡಿ ಹುಡುಗ "ನಾನ್ ನುಡಿಸಿ ತೋರಿಸ್ತೀನಿ ಸರ್" ಅಂದರೆ ನಗುತ್ತಾ ಬೇಡ ಅನ್ನಿ. ಆ ಹುಡುಗರು ಬೆಳಗಿನಿಂದ ಸಂಜೆವರೆಗೆ ನುಡಿಸಿ ನುಡಿಸಿ ಪಳಗಿರುತ್ತಾರೆ, ಅವರ ಕೈಯಲ್ಲಿ ತಗಡಿನ ಡಬ್ಬವೂ ಹಾಡುತ್ತದೆ. ನಿಮಗೆ ನುಡಿಸಲು ಇನ್ನೂ ಬಾರದಿದ್ದರೂ ಪರವಾಗಿಲ್ಲ. ಬರಿಗೈಯಲ್ಲಿ ತಂತಿ ಮೀಟಿದರೂ ಸಾಕು.

ಹೀಗೆ ಮಾಡಿ. ಬೇಸ್, ಟ್ರೆಬಲ್ ಎಲ್ಲ ನಾಬ್ ನಡುವಿಗೆ. ಗೇನ್ ಕಡಿಮೆ. ರಿವರ್ಬ್, ಡಿಲೇ (ಪ್ರತಿಧ್ವನಿ) ಎಲ್ಲ ಬಂದ್. ರಿವರ್ಬ್ ಅನ್ನುವುದು ಬಚ್ಚಲಮನೆಯ ಗೋಡೆ ಇದ್ದ ಹಾಗೆ, ಅಲ್ಲಿ ಎಲ್ಲರ ಗಂಟಲೂ ಚೆನ್ನಾಗಿರುತ್ತದೆ. ಅದನ್ನು ತೆಗೆದ ಮೇಲೆ ಉಳಿಯುವುದು ಆಂಪಿನ ಸ್ವಂತ ಸದ್ದು.

ವಾಲ್ಯೂಮ್ ಸೊನ್ನೆಯಿಂದ ನಿಧಾನವಾಗಿ ಏರಿಸಿ. ಸದ್ದು ಹಂತ ಹಂತವಾಗಿ ಏರಬೇಕು. ಒಮ್ಮೆಲೇ ಎಗರಿದರೆ ಅದು ನನ್ನ ಹಳೇ 60 ವಾಟ್‌ನ ತಮ್ಮ, ಬಿಟ್ಟುಬಿಡಿ. ಮನೆಯಲ್ಲಿ ಮಾತಾಡುವಷ್ಟು ಮಟ್ಟಕ್ಕೆ ತಂದು ಅಲ್ಲೇ ನಿಲ್ಲಿಸಿ. ಇಡೀ ಪರೀಕ್ಷೆ ಈ ಮಟ್ಟದಲ್ಲೇ ನಡೆಯಬೇಕು. ಜೋರು ಸದ್ದು ಮನಸ್ಸನ್ನು ಬೇಗ ಒಲಿಸಿಕೊಳ್ಳುತ್ತದೆ, ಮನೆಗೆ ತಂದ ಮೇಲೆ ಆ ಜೋರು ನಿಮಗೆ ಸಿಗುವುದಿಲ್ಲ.

ಈಗ ಅತಿ ದಪ್ಪ ತಂತಿ ಒಂದನ್ನೇ ಮೀಟಿ, ಅದು ಸಾಯುವವರೆಗೆ ಕೇಳಿ. ಡಬ್ಬ ಕಟಕಟ ಅನ್ನುತ್ತದಾ? ಆಮೇಲೆ ಆರೂ ತಂತಿ ಒಟ್ಟಿಗೆ. ಒಂದೊಂದು ತಂತಿ ಬೇರೆ ಬೇರೆಯಾಗಿ ಕೇಳುತ್ತದಾ, ಎಲ್ಲ ಸೇರಿ ಗಂಜಿಯಾಗುತ್ತದಾ? ಮೆಲ್ಲಗೆ ಮೀಟಿ, ಜೋರಾಗಿ ಮೀಟಿ. ವ್ಯತ್ಯಾಸ ಗೊತ್ತಾಗಬೇಕು. ಗಿಟಾರಿನ ವಾಲ್ಯೂಮ್ ನಾಬ್ ಅರ್ಧಕ್ಕೆ ಇಳಿಸಿ, ಸದ್ದು ಕಡಿಮೆಯಾಗಬೇಕೇ ಹೊರತು ಮಂಕಾಗಿ ಸತ್ತುಹೋಗಬಾರದು. ಇಷ್ಟಾದ ಮೇಲೆ ಗೇನ್ ಏರಿಸಿ. ನುಡಿಸದೆ ಸುಮ್ನೆ ಕೂತು ಉಸ್ ಅನ್ನುವ ಸದ್ದು ಎಷ್ಟಿದೆ ಕೇಳಿ. ಸ್ವಲ್ಪ ಇದ್ದೇ ಇರುತ್ತದೆ, ಪ್ರೆಷರ್ ಕುಕ್ಕರ್‌ನಷ್ಟು ಇರಬಾರದು.

ಕೊನೆಗೆ ಹೆಡ್‌ಫೋನ್. ರಾತ್ರಿ ಆಟ ನಿಮ್ಮದಾದರೆ ಇದಕ್ಕೇ ಹತ್ತು ನಿಮಿಷ ಕೊಡಿ. ಸ್ಪೀಕರಿನಲ್ಲಿ ಚೆಂದ ಕೇಳುವ ಎಷ್ಟೋ ಆಂಪ್‌ಗಳು ಹೆಡ್‌ಫೋನಿನಲ್ಲಿ ಅದೇ ಜೀರುಂಡೆಯಾಗುತ್ತವೆ. ಸ್ಪೀಕರಿನ ನಡತೆಯನ್ನು ಅನುಕರಿಸುವ ಸರ್ಕ್ಯೂಟ್ ಹೆಡ್‌ಫೋನ್ ಕಿಂಡಿಗೆ ಕೊಟ್ಟಿದ್ದಾರೋ ಇಲ್ಲವೋ ಅನ್ನುವುದೇ ಇಲ್ಲಿ ಗುಟ್ಟು. ಕಿವಿಗೆ ಹಾಕಿಕೊಳ್ಳುವ ಮೊದಲು ವಾಲ್ಯೂಮ್ ಸೊನ್ನೆಗೆ ತನ್ನಿ, ಮರೆಯಬೇಡಿ.

ಹತ್ತಿರದಲ್ಲಿ ಅಂಗಡಿ ಇಲ್ಲ, ಆನ್‌ಲೈನೇ ಗತಿ ಅಂದರೆ ವಾಪಸ್ ಕೊಡುವ ನಿಯಮ ಮೊದಲು ಓದಿ, ಬಂದ ಡಬ್ಬವನ್ನು ಒಂದು ತಿಂಗಳು ಎಸೆಯಬೇಡಿ. ವಿಡಿಯೋ ನೋಡಿ ಆರಿಸುವಾಗ ಒಂದೇ ಆಂಪಿನ ಮೂರ್ನಾಲ್ಕು ಬೇರೆ ಬೇರೆ ಜನರ ವಿಡಿಯೋ ಕೇಳಿ. ಮೈಕು, ರೂಮು, ಎಡಿಟಿಂಗ್ ಎಲ್ಲವೂ ಸದ್ದಿಗೆ ಬಣ್ಣ ಬಳಿಯುತ್ತವೆ.

ಸೆಕೆಂಡ್ ಹ್ಯಾಂಡ್, ಮತ್ತೆ ಅಮೆರಿಕದ ಚಿಕ್ಕಪ್ಪ

ಹಳೇ ಆಂಪ್ ಅರ್ಧ ಬೆಲೆಗೆ ಸಿಕ್ಕರೆ ಒಳ್ಳೆಯ ವ್ಯಾಪಾರವೇ. ಹುಮ್ಮಸ್ಸಿನಲ್ಲಿ ಗಿಟಾರ್ ಕೊಂಡು ಮೂರು ತಿಂಗಳಿಗೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ನೋಡಲು ಹೋದಾಗ ಪ್ರತಿ ನಾಬನ್ನೂ ತಿರುಗಿಸಿ. ಕರಕರ ಅಂದರೆ ಹೆದರಬೇಡಿ, ಬಹಳ ಸಲ ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಗೆ ಹೋಗುತ್ತದೆ. ಜ್ಯಾಕ್ ಅಲುಗಾಡಿಸಿದಾಗ ಸದ್ದು ಬಂದು ಹೋಗಿ ಮಾಡಿದರೆ ಬೆಸುಗೆ ಕೆಲಸ, ಅದನ್ನು ಹೇಳಿ ಬೆಲೆ ಇಳಿಸಿ. ಸುಟ್ಟ ವಾಸನೆ, ಹರಿದ ಸ್ಪೀಕರ್, ಹತ್ತು ನಿಮಿಷ ಆದ ಮೇಲೆ ಏರುವ ಗುಂಯ್‌ಗುಡುವಿಕೆ, ಈ ಮೂರರಲ್ಲಿ ಒಂದಿದ್ದರೂ ವಾಪಸ್ ಬನ್ನಿ. ಹಾಗಾಗಿ ಹತ್ತು ನಿಮಿಷವಾದರೂ ಆನ್ ಮಾಡಿಟ್ಟು ನೋಡಬೇಕು. ಕುತೂಹಲಕ್ಕೆ ಬಿಚ್ಚಬೇಡಿ. ಟ್ಯೂಬ್ ಆಂಪಿನ ಕೆಪಾಸಿಟರುಗಳಲ್ಲಿ ಪ್ಲಗ್ ತೆಗೆದ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು, ಜೀವಕ್ಕೇ ಅಪಾಯ.

ಅಮೆರಿಕದಲ್ಲಿರುವ ಚಿಕ್ಕಪ್ಪನೋ ಅಕ್ಕನೋ ತಂದುಕೊಡುತ್ತಾರೆ ಅಂದಾಗ ಖುಷಿಯಾಗುವುದು ಸಹಜ. ಕೊಳ್ಳುವ ಮುಂಚೆ ಆಂಪಿನ ಹಿಂದಿನ ಚೀಟಿಯ ಫೋಟೋ ತರಿಸಿಕೊಳ್ಳಿ. ಅಲ್ಲಿಯ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಚೀಟಿಯಲ್ಲಿ '100-240' ಅಂತಿದ್ದರೆ ಪಿನ್ ಬದಲಿಸಿಕೊಂಡರೆ ಆಯ್ತು. ಬರೀ '120' ಅಂತಿದ್ದರೆ ಇಲ್ಲಿಯ ಪ್ಲಗ್ಗಿಗೆ ನೇರವಾಗಿ ಹಾಕಿದ ದಿನವೇ ಅದರ ತಿಥಿ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ, ಅದರ ಖರ್ಚು, ಭಾರ ಎರಡೂ ಸೇರಿಸಿದರೆ ಇಲ್ಲೇ ಕೊಳ್ಳುವುದು ವಾಸಿ. ವಾರಂಟಿಯೂ ಇಲ್ಲಿ ನಡೆಯದೇ ಹೋಗಬಹುದು. ಅಡಾಪ್ಟರಿನಲ್ಲಿ ಓಡುವ ಸಣ್ಣ ಆಂಪ್ ಆದರೆ ಸುಲಭ: ವೋಲ್ಟ್, ಆಂಪಿಯರ್ ಮತ್ತು ಪಿನ್ನಿನ ಒಳಗಿನದು ಪ್ಲಸ್ಸೋ ಮೈನಸ್ಸೋ ಅನ್ನುವ ಚಿತ್ರ ನೋಡಿಕೊಂಡು ಇಲ್ಲಿಯ ಅಡಾಪ್ಟರ್ ತನ್ನಿ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆ ಇದ್ದೇ ಇದೆ. ಗಿಟಾರ್ ಸಾಮಾನುಗಳಲ್ಲಿ ಒಳಗೆ ಮೈನಸ್ ಇರುವುದು ಹೆಚ್ಚು, ಮನೆಯ ಬೇರೆ ಅಡಾಪ್ಟರುಗಳಲ್ಲಿ ಒಳಗೆ ಪ್ಲಸ್. ರೌಟರಿನ ಅಡಾಪ್ಟರ್ ಕಿತ್ತು ಹಾಕಿ ನೋಡುವ ಸಾಹಸ ಬೇಡ.

ಹೆಜ್ಜೆ 8: ಮನೆಗೆ ತಂದ ಮೇಲೆ

ನೆಲದ ಮೇಲೆ ಇಟ್ಟು ಪಕ್ಕದಲ್ಲೇ ನಿಂತು ನುಡಿಸಿದರೆ ಸದ್ದೆಲ್ಲ ಮೊಣಕಾಲಿಗೆ ಹೋಗುತ್ತದೆ. ನೀವು ವಾಲ್ಯೂಮ್ ಏರಿಸುತ್ತೀರಿ, ಕೆಳಗಿನ ಮನೆಯವರು ಪೊರಕೆ ಕೋಲಿನಿಂದ ಸೀಲಿಂಗ್ ಕುಟ್ಟುತ್ತಾರೆ. ಕುರ್ಚಿಯ ಮೇಲಿಡಿ, ಮುಖ ನಿಮ್ಮ ಕಿವಿಯ ಕಡೆ ಓರೆಯಾಗಿರಲಿ. ಅಡಿಗೆ ದಪ್ಪ ರಬ್ಬರ್ ಮ್ಯಾಟೋ ಮಡಿಸಿದ ಚಾಪೆಯೋ ಹಾಕಿ. ಮೂಲೆಗೆ ಒತ್ತಿಡಬೇಡಿ, ಮೂಲೆಯಲ್ಲಿ ದಪ್ಪ ಸ್ವರಗಳು ಉಬ್ಬಿಕೊಂಡು ಗೋಡೆ ದಾಟುತ್ತವೆ. ಪಕ್ಕದ ಮನೆಯ ಗೋಡೆಗೆ ಬೆನ್ನು ಹಾಕಿ ಇಡುವುದೂ ಬೇಡ. ಬೇಸ್ ನಾಬ್ ಒಂದು ಗೆರೆ ಇಳಿಸಿದರೆ ನಿಮಗೆ ಆಗುವ ನಷ್ಟ ಕಡಿಮೆ, ಪಕ್ಕದವರಿಗೆ ಆಗುವ ಉಪಕಾರ ಜಾಸ್ತಿ.

ಮೊದಲ ಸಂಜೆ ಗುಂಯ್ ಅನ್ನುವ ಸದ್ದು ಬಂದೇ ಬರುತ್ತದೆ. ಆಂಪ್ ಕೆಟ್ಟಿದೆ ಅಂತ ವಾಪಸ್ ಒಯ್ಯುವ ಮೊದಲು ಒಂದೊಂದಾಗಿ ನೋಡಿ. ಗಿಟಾರಿನ ಕೇಬಲ್ ಕಿತ್ತ ಮೇಲೆ ಸದ್ದು ನಿಂತಿತಾ? ಹಾಗಾದರೆ ಆಂಪ್ ಸರಿಯಿದೆ. ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್, ಲ್ಯಾಪ್‌ಟಾಪ್ ಚಾರ್ಜರ್ ಒಂದೊಂದಾಗಿ ಆರಿಸಿ. ನೀವು ಕೂತ ದಿಕ್ಕು ಬದಲಿಸಿ. ಒಂಟಿ ಸುರುಳಿಯ ಪಿಕಪ್ ಇರುವ ಗಿಟಾರ್‌ಗಳು ಆಂಟೆನಾ ಇದ್ದ ಹಾಗೆ, ಸ್ವಲ್ಪ ತಿರುಗಿದರೆ ಸದ್ದು ಅರ್ಧವಾಗುತ್ತದೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಮಾಮೂಲಿ. ಆದರೆ ತಂತಿ ಮುಟ್ಟಿದಾಗ ಜುಮ್ಮೆಂದು ಶಾಕ್ ಹೊಡೆದರೆ ಅಲ್ಲಿಗೇ ನಿಲ್ಲಿಸಿ. ಮನೆಯ ಅರ್ತಿಂಗ್ ಸರಿಯಿಲ್ಲ ಅಂತ ಅರ್ಥ, ಇಲ್ಲವೇ ಆಂಪಿನಲ್ಲೇ ದೋಷವಿದೆ. ಎಲೆಕ್ಟ್ರಿಷಿಯನ್ ಕರೆಸಿ. ಗುಂಯ್ ಸದ್ದು ನಿಲ್ಲಿಸಲು ಮೂರು ಪಿನ್ನಿನಲ್ಲಿ ದಪ್ಪ ಪಿನ್ ಕಿತ್ತುಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಲೇಬೇಡಿ. ಆ ಪಿನ್ನು ನಿಮ್ಮ ಜೀವ ಕಾಯಲು ಇರುವುದು.

ಆನ್ ಮಾಡುವಾಗ ವಾಲ್ಯೂಮ್ ಸೊನ್ನೆ, ಕೇಬಲ್ ಚುಚ್ಚಿ, ಆಮೇಲೆ ಸ್ವಿಚ್. ಆಫ್ ಮಾಡುವಾಗ ತಿರುಗಾ ಮುರುಗಾ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಆಂಪನ್ನು ಗೋಡೆಯಿಂದ ಒಂದಡಿ ದೂರ ಇಟ್ಟು ಬಟ್ಟೆ ಹೊದಿಸಿ. ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಬೂಷ್ಟು, ಜ್ಯಾಕಿನಲ್ಲಿ ತುಕ್ಕು. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಿ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂದರೆ ಒಳಗಿನ ಸೆಲ್ ತೆಗೆದಿಡಿ, ಸೋರಿದ ಸೆಲ್ ಸ್ಪ್ರಿಂಗನ್ನೇ ತಿಂದುಹಾಕುತ್ತದೆ.

ಮೊದಲ ವಾರ ನಾಬ್‌ಗಳ ಜೊತೆ ಆಟ ಆಡುವಾಗ ಒಂದು ಸಂಜೆ ಇದ್ದಕ್ಕಿದ್ದಂತೆ 'ಆಹಾ' ಅನ್ನುವ ಸದ್ದು ಸಿಗುತ್ತದೆ. ತಕ್ಷಣ ಫೋನಿನಲ್ಲಿ ನಾಬ್‌ಗಳ ಫೋಟೋ ತೆಗೆದಿಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮರುದಿನ ಬೆಳಗ್ಗೆ ಎಲ್ಲ ನಾಬೂ ಹತ್ತಕ್ಕೆ ಹೋಗಿರುತ್ತದೆ.